ಅಮೆರಿಕದ ಶಾಲೆಯಲ್ಲಿ ವಿಶೇಷ ಅಗತ್ಯದ ಮಗು: ಕಾಯಬೇಡಿ, ಬರೆದು ಕೇಳಿ

ಎರಡೂವರೆ ವರ್ಷವಾದರೂ ಮಗು ಮಾತಾಡುತ್ತಿಲ್ಲ ಅಂದರೆ ನಮ್ಮ ಮನೆಗಳಲ್ಲಿ ಮೊದಲು ಕೇಳುವ ಮಾತು ಒಂದೇ: "ಅವರಪ್ಪನೂ ತಡವಾಗೇ ಮಾತು ಕಲಿತಿದ್ದು, ಸುಮ್ನಿರು." ಊರಿಂದ ಬಂದ ಅಜ್ಜಿ ಇದನ್ನು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಅಮೆರಿಕದಲ್ಲಿ ಹೀಗೆ ಕಾಯುತ್ತಾ ಕೂತರೆ ಕಳೆದುಕೊಳ್ಳುವುದು ಜಾಸ್ತಿ. ಮೂರು ವರ್ಷ ತುಂಬದ ಮಕ್ಕಳಿಗೆ ಪ್ರತಿ ರಾಜ್ಯದಲ್ಲೂ 'ಅರ್ಲಿ ಇಂಟರ್ವೆನ್ಷನ್' ಅನ್ನುವ, ಚಿಕ್ಕಂದಿನಲ್ಲೇ ನೆರವು ಕೊಡುವ ಸೇವೆ ಇದೆ. ಡಾಕ್ಟರ್ ಚೀಟಿಗೆ ಕಾಯಬೇಕಿಲ್ಲ, ತಂದೆ ತಾಯಿಯೇ ಫೋನ್ ಮಾಡಬಹುದು. ಮಗುವನ್ನು ಪರೀಕ್ಷಿಸುವುದಕ್ಕೆ ದುಡ್ಡಿಲ್ಲ. ಮಗು ಅರ್ಹ ಅಂತಾದರೆ, ಮಗುವಿನ ಹೆಸರು ಆ ಸೇವೆಗೆ ತಲುಪಿದ 45 ದಿನದೊಳಗೆ, ಏನೇನು ನೆರವು ಕೊಡಬೇಕೆಂಬ ಯೋಜನೆಯ ಮೊದಲ ಸಭೆ ನಡೆಯಬೇಕು. ಮುಂದಿನ ಥೆರಪಿಗೆ ಕೆಲವು ರಾಜ್ಯಗಳು ಆದಾಯ ನೋಡಿ ಶುಲ್ಕ ತೆಗೆದುಕೊಳ್ಳುತ್ತವೆ.

ಮೂರು ತುಂಬಿದ ಮೇಲೆ ಜವಾಬ್ದಾರಿ ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ದು, ಅಂದರೆ ನಿಮ್ಮ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆಯದು. ಇದಕ್ಕೆ ಆಧಾರ 1975ರ ಒಂದು ಕಾನೂನು. 1990ರಿಂದ ಅದನ್ನು 'ಐಡಿಇಎ' ಅನ್ನುತ್ತಾರೆ. ಅಂಗವೈಕಲ್ಯ ಇರುವ ಮಗುವಿಗೆ ಅದರ ಅಗತ್ಯಕ್ಕೆ ತಕ್ಕ ಶಿಕ್ಷಣವನ್ನು ಸರ್ಕಾರಿ ಶಾಲೆ ಉಚಿತವಾಗಿ ಕೊಡಲೇಬೇಕು. ಆಟಿಸಂ, ಮಾತಿನ ತೊಂದರೆ, ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಡಕು, ಕಿವಿ ಕಣ್ಣಿನ ಸಮಸ್ಯೆ, ಹೀಗೆ 13 ವರ್ಗಗಳಿವೆ. ಅಪ್ಪ ಅಥವಾ ಅಮ್ಮನ ಕೆಲಸದ ವೀಸಾ ಜೊತೆ ಸಿಗುವ ಎಚ್-4 ವೀಸಾದ ಮಗುವಿಗೂ ಇದೇ ಹಕ್ಕು. ಮೆಡಿಕೇಯ್ಡ್ ಅನ್ನುವ ಸರ್ಕಾರಿ ಆರೋಗ್ಯ ವಿಮೆಯಂಥ ಕಾರ್ಯಕ್ರಮಗಳ ನಿಯಮ ಬೇರೆ, ಅಲ್ಲಿ ವೀಸಾ ನೋಡುತ್ತಾರೆ. ಎರಡನ್ನೂ ಬೆರೆಸಿಕೊಂಡು ಎಷ್ಟೋ ಕನ್ನಡದವರು ಶಾಲೆಯಲ್ಲೂ ಕೇಳದೆ ಉಳಿದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಕೇಳುವುದಾದರೆ ಬರೆದೇ ಕೇಳಿ. ಪಿಕಪ್ ಹೊತ್ತಲ್ಲಿ ಟೀಚರ್ ಹತ್ತಿರ ಹೇಳಿದ್ದು ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಪ್ರಿನ್ಸಿಪಾಲರಿಗೂ ಡಿಸ್ಟ್ರಿಕ್ಟ್‌ನ ಸ್ಪೆಷಲ್ ಎಜುಕೇಶನ್ ಕಚೇರಿಗೂ ಒಂದು ಈಮೇಲ್ ಹಾಕಿ. ಮಗುವಿನ ಹೆಸರು, ತರಗತಿ, ನೀವು ಕಂಡ ಎರಡು ಮೂರು ಸಂಗತಿ, ಕೊನೆಗೆ 'ವಿಶೇಷ ಶಿಕ್ಷಣಕ್ಕಾಗಿ ಪೂರ್ಣ ಇವ್ಯಾಲ್ಯುವೇಶನ್ (ಮಗುವಿನ ಅಗತ್ಯಗಳ ಪರೀಕ್ಷೆ) ಮಾಡಿಸಿ' ಅನ್ನುವ ಕೋರಿಕೆ, ಇಷ್ಟು ಸಾಕು. ಆಗಲ್ಲ ಅನ್ನುವುದಾದರೆ ಶಾಲೆಯೂ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. ನೀವು ಒಪ್ಪಿಗೆಗೆ ಸಹಿ ಹಾಕಿದ ದಿನದಿಂದ 60 ದಿನದಲ್ಲಿ ಪರೀಕ್ಷೆ ಮುಗಿಯಬೇಕು, ಕೆಲವು ರಾಜ್ಯಗಳದು ಬೇರೆ ಗಡುವು. "ಮೊದಲು ತರಗತಿಯಲ್ಲೇ ಸ್ವಲ್ಪ ಹೆಚ್ಚಿನ ಸಹಾಯ ಕೊಟ್ಟು ನೋಡೋಣ" ಅಂತ ತಿಂಗಳುಗಟ್ಟಲೆ ತಳ್ಳುವುದುಂಟು. ಆ ನೆಪದಲ್ಲಿ ಪರೀಕ್ಷೆ ತಡ ಮಾಡುವಂತಿಲ್ಲ ಎಂದು ಕೇಂದ್ರದ ಶಿಕ್ಷಣ ಇಲಾಖೆ 2011ರಲ್ಲೇ ರಾಜ್ಯಗಳಿಗೆ ಬರೆದಿದೆ.

ಇನ್ನೊಂದು ಮಾತು ನನ್ನನ್ನು ತುಂಬಾ ನೋಯಿಸುತ್ತದೆ: "ಮನೆಯಲ್ಲಿ ಕನ್ನಡ ನಿಲ್ಲಿಸಿ, ಬರೀ ಇಂಗ್ಲಿಷ್ ಆಡಿ." ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಬರುವುದಿಲ್ಲ. ಮಾತು ತಡವಾದ ಮಕ್ಕಳಿಗೂ ಅದರಿಂದ ಹಾನಿ ಎಂದು ಸಂಶೋಧನೆಗಳಲ್ಲಿ ಕಂಡುಬಂದಿಲ್ಲ. ಕನ್ನಡ ಬಿಡಿಸಿದರೆ ಆ ಮಗು ಅಜ್ಜಿ ತಾತನ ಜೊತೆ ಆಡುವ ನಾಲ್ಕು ಮಾತೂ ಹೋಗುತ್ತದೆ, ಅಲ್ವಾ? ಕಾನೂನೂ ಇಲ್ಲಿ ನಿಮ್ಮ ಕಡೆಗಿದೆ. ಇಂಗ್ಲಿಷ್ ಸಾಲದು ಅನ್ನುವುದೊಂದನ್ನೇ ಹಿಡಿದು ಮಗುವಿಗೆ ಅಂಗವೈಕಲ್ಯ ಇದೆ ಅನ್ನುವಂತಿಲ್ಲ. ಆದಷ್ಟೂ ಮಗುವಿನ ಭಾಷೆಯಲ್ಲೇ ಪರೀಕ್ಷೆ ಮಾಡಬೇಕು. ಸಭೆಯಲ್ಲಿ ನಿಮಗೆ ಅರ್ಥವಾಗಲು ದುಭಾಷಿ ಬೇಕಿದ್ದರೆ ಶಾಲೆಯೇ ಒದಗಿಸಬೇಕು.

ಮಗು ಅರ್ಹ ಅಂತಾದರೆ 'ಐಇಪಿ' ಬರೆಯುತ್ತಾರೆ. ಆ ಮಗುವಿಗೇ ಅಂತ ಮಾಡಿದ ವರ್ಷದ ಕಲಿಕೆಯ ಯೋಜನೆ ಅದು. ವರ್ಷಕ್ಕೊಮ್ಮೆಯಾದರೂ ಅದನ್ನು ಮತ್ತೆ ನೋಡಬೇಕು. ಸಭೆಯಲ್ಲಿ ಕ್ಲಾಸ್ ಟೀಚರ್, ವಿಶೇಷ ಶಿಕ್ಷಣದ ಟೀಚರ್, ಡಿಸ್ಟ್ರಿಕ್ಟ್‌ನವರು ಇರುತ್ತಾರೆ. ನೀವೂ ಆ ತಂಡದ ಸದಸ್ಯರೇ. ನಮ್ಮವರು ಟೀಚರ್ ಮುಂದೆ ತಲೆಯಾಡಿಸಿಕೊಂಡು ಬರುವುದೇ ಹೆಚ್ಚು. ಕರಡನ್ನು ಮೊದಲೇ ಕಳಿಸಿ ಅನ್ನಿ. ಅವತ್ತೇ ಸಹಿ ಹಾಕಬೇಕೆಂದಿಲ್ಲ, ಮನೆಗೆ ತಂದು ಓದಿ. 'ಓದುವುದರಲ್ಲಿ ಸುಧಾರಿಸುತ್ತಾನೆ' ಅಂತ ಗುರಿ ಬರೆದಿದ್ದರೆ ಒಪ್ಪಬೇಡಿ. 'ಈಗ ನಿಮಿಷಕ್ಕೆ 35 ಪದ ಓದುತ್ತಾನೆ, ಮೇ ತಿಂಗಳೊಳಗೆ 60 ಓದಬೇಕು' ಅಂತಿದ್ದರೆ ಅಳೆದು ನೋಡಬಹುದು. ನಾಮಕಾವಸ್ತೆ ಪ್ರಗತಿ ಸಾಲದು, ಮಗುವಿನ ಸ್ಥಿತಿಗೆ ತಕ್ಕ ನಿಜವಾದ ಪ್ರಗತಿ ಆಗುವಂತಿರಬೇಕು ಎಂದು 2017ರಲ್ಲಿ ಎಂಡ್ರೂ ಎಫ್. ಎಂಬ ವಿದ್ಯಾರ್ಥಿಯ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದೆ.

ಮಗುವಿಗೆ ಬಾರದಿರುವುದರ ಪಟ್ಟಿ ಆ ಮೇಜಿನ ಮೇಲೆ ಉದ್ದವಾಗಿಯೇ ಇರುತ್ತದೆ. ಬರುವುದನ್ನು ನೀವು ಹೇಳಿ. ಮಗುವಿನ ಸಾಮರ್ಥ್ಯವನ್ನೂ ತಂಡ ಪರಿಗಣಿಸಬೇಕು ಎಂದು ಕಾನೂನಿನಲ್ಲೇ ಇದೆ. ಗಣಿತದ ಹಾಳೆ ಮುಂದೆ ಎರಡು ನಿಮಿಷ ಕೂರದ ಹುಡುಗಿ ಅಜ್ಜಿ ಜೊತೆ 15ರಿಂದ 8ರ ಸಂದು ಚುಕ್ಕಿ ರಂಗೋಲಿಗೆ ಒಂದೂ ತಪ್ಪದೆ ಚುಕ್ಕಿ ಇಡುತ್ತಾಳೆ ಅನ್ನಿ. ಹದಿನೈದು, ಹದಿನಾಲ್ಕು, ಹದಿಮೂರು ಅಂತ ಇಳಿಸಿ ಎಣಿಸುವುದು ಅವಳಿಗೆ ಬರುತ್ತದೆ. ಇದು ಟೀಚರ್‌ಗೆ ಹೇಗೆ ಗೊತ್ತಾಗಬೇಕು? ಒಂದು ಪುಟ ಬರೆದು, ಫೋಟೋ ಅಂಟಿಸಿ ಸಭೆಗೆ ಒಯ್ಯಿರಿ. ಕಲಿಸಲು ಎಲ್ಲಿಂದ ಶುರು ಮಾಡಬೇಕೆಂದು ಅವರಿಗೆ ತಿಳಿಯುತ್ತದೆ. ಮನೆಯಲ್ಲೂ ಬರೀ "ಜಾಣ" ಅನ್ನುವ ಬದಲು "ಶೂ ನೀನೇ ಹಾಕ್ಕೊಂಡ್ಯಲ್ಲ" ಅನ್ನಿ, ಯಾವುದಕ್ಕೆ ಮೆಚ್ಚಿದಿರಿ ಅಂತ ಮಗುವಿಗೆ ಗೊತ್ತಾಗಲಿ. ಪಕ್ಕದ ಮನೆಯ ಹುಡುಗನ ಸ್ಪೆಲ್ಲಿಂಗ್ ಬೀ ಸ್ಪರ್ಧೆಯ ಸುದ್ದಿ ನಿಮ್ಮ ಮಗುವಿನ ಮುಂದೆ ಬೇಡ.

ವಿಶೇಷ ಪಾಠ ಬೇಡ, ಸ್ವಲ್ಪ ಅನುಕೂಲ ಮಾಡಿಕೊಟ್ಟರೆ ಸಾಕು ಅನ್ನುವ ಮಕ್ಕಳಿಗೆ '504 ಪ್ಲಾನ್' ಇದೆ. ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇರುವ ಎಷ್ಟೋ ಮಕ್ಕಳಿಗೆ ತರಗತಿಯ ಟೆಸ್ಟ್‌ಗಳಲ್ಲಿ ಹೆಚ್ಚು ಸಮಯ ಸಿಗುವುದು ಇದರಿಂದ.

ಶಾಲೆ ಮಾಡಿಸಿದ ಇವ್ಯಾಲ್ಯುವೇಶನ್ ಸರಿಯಿಲ್ಲ ಅನಿಸಿದರೆ ಹೊರಗಿನ ತಜ್ಞರಿಂದ ಶಾಲೆಯ ಖರ್ಚಿನಲ್ಲೇ ಇನ್ನೊಂದು ಪರೀಕ್ಷೆ ಕೇಳಬಹುದು. ಶಾಲೆ ಒಂದೋ ಮಾಡಿಸಬೇಕು, ಇಲ್ಲವೇ ತಮ್ಮ ಪರೀಕ್ಷೆ ಸರಿಯಿದೆ ಎಂದು ವಿಚಾರಣೆಯಲ್ಲಿ ತೋರಿಸಬೇಕು. ಇಂಥ ಹೊತ್ತಲ್ಲಿ ಒಬ್ಬರೇ ಗುದ್ದಾಡಬೇಡಿ. ಪ್ರತಿ ರಾಜ್ಯದಲ್ಲೂ ಕನಿಷ್ಠ ಒಂದು 'ಪೇರೆಂಟ್ ಟ್ರೇನಿಂಗ್ ಅಂಡ್ ಇನ್ಫರ್ಮೇಶನ್ ಸೆಂಟರ್', ಅಂದರೆ ಪೋಷಕರಿಗೆ ತರಬೇತಿ, ಮಾಹಿತಿ ಕೊಡುವ ಕೇಂದ್ರ ಇದೆ. ಅಲ್ಲಿನ ಸಲಹೆ ಉಚಿತ. ಕೆಲಸ ಬದಲಾಗಿ ಬೇರೆ ರಾಜ್ಯಕ್ಕೆ ಹೋಗುವಾಗ ಐಇಪಿಯ ಪ್ರತಿ ಕೈಯಲ್ಲೇ ಇರಲಿ. ಹೊಸದು ಬರೆಯುವವರೆಗೆ ಹಳೆಯದಕ್ಕೆ ಸಮನಾದ ಸೇವೆಯನ್ನು ಹೊಸ ಡಿಸ್ಟ್ರಿಕ್ಟ್ ಕೊಡಬೇಕು.