ಕ್ರೋಬೊ ಮಣಿಯ ವ್ಯಾಪಾರ: ನನ್ನ ಅನುಭವ

ಘಾನಾದ ಅಕ್ರಾದಲ್ಲಿ ಮಣಿಸರ ಮಾಡಿ ಮಾರುವುದು ನನ್ನ ಕಸುಬು. ಈ ದಾರಿಗೆ ಬರಬೇಕೆನ್ನುವವರು ಮೊದಲು ಕೇಳುವುದು ಬಣ್ಣ, ವಿನ್ಯಾಸಗಳ ಬಗ್ಗೆ. ನಾನಾದರೋ ಮಣಿ ಕೈಗೆ ಬಂದೊಡನೆ ಬೆಳಕಿಗೆ ಹಿಡಿದು ತೂತು ನೋಡುತ್ತೇನೆ. ನನ್ನ ಲಾಭನಷ್ಟವೆಲ್ಲ ಅಲ್ಲಿ ನಿರ್ಧಾರವಾಗುತ್ತದೆ.

ಮಣಿ ಹುಟ್ಟುವ ಬಗೆಯೇ ಇದಕ್ಕೆ ಕಾರಣ. ಒಡುಮಾಸೆ, ಸೊಮಾನ್ಯ ಊರುಗಳ ಸುತ್ತ ಕ್ರೋಬೊ ಜನರು ಹಳೆಯ ಗಾಜಿನ ಬಾಟಲಿಗಳನ್ನು ಕುಟ್ಟಿ, ಜರಡಿ ಹಿಡಿದು ಪುಡಿ ಮಾಡುತ್ತಾರೆ. ಅಚ್ಚು ಮಣ್ಣಿನದು, ನಮ್ಮ ಪಡ್ಡಿನ ಕಾವಲಿಯ ಹಾಗೆ ಗುಳಿಗುಳಿ. ಗಾಜು ಅಂಟದಿರಲೆಂದು ಒಳಗೆಲ್ಲ ಬಿಳಿ ಜೇಡಿ ಬಳಿದು, ಪ್ರತಿ ಗುಳಿಯ ನಡುವೆ ಮರಗೆಣಸಿನ ಎಲೆಯ ತೊಟ್ಟಿನ ತುಂಡೊಂದನ್ನು ನಿಲ್ಲಿಸಿ, ಸುತ್ತ ಬಣ್ಣಬಣ್ಣದ ಪುಡಿ ತುಂಬುತ್ತಾರೆ. ಹುತ್ತದ ಮಣ್ಣಿನ ಗೂಡಿನಲ್ಲಿ ಗಾಜು ಬೆಸೆದುಕೊಳ್ಳುವಾಗ ತೊಟ್ಟು ಸುಟ್ಟುಹೋಗಿ ಅದರ ಜಾಗ ತೂತಾಗುತ್ತದೆ. ಹೊರತೆಗೆದ ಮಣಿಯನ್ನು ಬಿಸಿಯಿರುವಾಗಲೇ ಎರಡು ದಬ್ಬಳಗಳಿಂದ ತಿರುಗಿಸಿ ದುಂಡಗೆ ಮಾಡುವ ಕೈಚಳಕವನ್ನು ನೋಡಿಯೇ ತಿಳಿಯಬೇಕು. ಕೊನೆಗೆ ಮರಳು, ನೀರು ಹಾಕಿ ಕಲ್ಲಿನ ಮೇಲೆ ಉಜ್ಜಿದರೆ ಹೊಳಪು ಬರುತ್ತದೆ.

ಹೀಗಾಗಿ ಒಂದು ಮಣಿಯ ತೂತಿನಂತೆ ಇನ್ನೊಂದರದು ಇರುವುದಿಲ್ಲ. ಕೆಲವು ತೀರ ಅಗಲ, ಕೆಲವಕ್ಕೆ ಬ್ಲೇಡಿನಂಥ ಅಂಚು. ಮಾರುಕಟ್ಟೆಯಲ್ಲಿ ರಾಫಿಯಾ ನಾರಿನಲ್ಲಿ ಪೋಣಿಸಿಟ್ಟ ಸರ ಎಣಿಸಲು, ಸಾಗಿಸಲು ಮಾತ್ರ, ಕೊರಳಿಗೆ ಹಾಕಿಕೊಳ್ಳಲಿಕ್ಕಲ್ಲ. ನಾನು ಪ್ರತಿ ಮಣಿಯ ಬಾಯನ್ನೂ ದುಂಡು ಅರದಿಂದ ಸವರುತ್ತೇನೆ, ಅದೂ ಬೋಗುಣಿಯ ನೀರಿನೊಳಗೇ ಹಿಡಿದು. ಗಾಜಿನ ಧೂಳು ಶ್ವಾಸಕೋಶ ಸೇರಬಾರದು. ಪೋಣಿಸಲು ಪ್ಲಾಸ್ಟಿಕ್ ಹೊದಿಕೆಯ ಸಣ್ಣ ಉಕ್ಕಿನ ತಂತಿ. ತೂತು ಅಗಲವಾಗಿದ್ದರೆ ಎರಡೂ ಬದಿಗೆ ಚಿಕ್ಕ ಹಿತ್ತಾಳೆ ಮಣಿ ಕೂರಿಸುತ್ತೇನೆ. ಆಗ ದೊಡ್ಡದು ಓಲಾಡುವುದಿಲ್ಲ. ಕುಮಾಸಿ ಕಡೆಯ ಅಶಾಂಟಿ ಕಸುಬುದಾರರು ಮೇಣದ ಅಚ್ಚಿನಿಂದ ಎರಕ ಹೊಯ್ದ ಹಿತ್ತಾಳೆ ಇದಕ್ಕೆ ಒಪ್ಪುವಷ್ಟು ಯಂತ್ರದ ಮಣಿ ಒಪ್ಪುವುದಿಲ್ಲ.

ಬೆಲೆ ಹಾಕುವಾಗ ಅರ ಹಿಡಿದ ಹೊತ್ತಿಗೂ ಕೂಲಿ ಸೇರಿಸುತ್ತೇನೆ, ಸವರುವಾಗ ಸೀಳಿದ ಮಣಿಗಳ ಖರ್ಚನ್ನೂ. "ಗಾಜಿಗೆ ಇಷ್ಟೊಂದೇ?" ಎಂದು ಕೇಳುವವರಿಗೆ ಬೋಗುಣಿ ತೋರಿಸುತ್ತೇನೆ, ದರ ಇಳಿಸುವುದಿಲ್ಲ. ಅದೇ ನ್ಯಾಯಕ್ಕೆ ಒಡುಮಾಸೆಯಲ್ಲಿ ನಾನೂ ಚೌಕಾಶಿ ಮಾಡುವುದಿಲ್ಲ. ಚಿಕ್ಕಪೇಟೆಯಲ್ಲಿ ವ್ಯಾಪಾರ ಕಲಿತವಳಿಗೆ ಇದು ಸುಲಭದ ವ್ರತವಲ್ಲ! ಆದರೆ ಅರ್ಧ ಹಣ ಮುಂಗಡ ಕೊಟ್ಟು, ಮಾದರಿ ಮಣಿ ಬಿಟ್ಟು ಬಂದರೆ ತೂತು ನೇರವಾಗಿರುವ ಸರಕನ್ನು ನನಗೆಂದೇ ಆರಿಸಿ ಇಡುತ್ತಾರೆ.

ಪರಂಪರೆಯ ಹೆಸರಿನಲ್ಲಿ ಏನನ್ನು ಮಾರಬಹುದು ಎಂಬುದರಲ್ಲಿ ನಾನು ಸ್ವಲ್ಪ ಹಟಮಾರಿ. ಕ್ರೋಬೊ ಹುಡುಗಿಯರು ಪ್ರಾಯಕ್ಕೆ ಬಂದಾಗ ನಡೆಯುವ ದಿಪೊ ಎಂಬ ವಿಧಿಯಲ್ಲಿ ಸೊಂಟ, ಕೊರಳುಗಳಿಗೆ ತೊಡುವ ಹಳೆಯ ಮಣಿಗಳು ಮನೆತನದ ಆಸ್ತಿ, ತಲೆಮಾರಿನಿಂದ ತಲೆಮಾರಿಗೆ ಬರುವಂಥವು. ಅವನ್ನು ಯಾರಾದರೂ ಮಾರಲು ತಂದರೂ ಕೊಳ್ಳುವುದಿಲ್ಲ. ಹೊಸದನ್ನು ಹಳತೆಂದು ಮಾರುವುದೂ ಇಲ್ಲ. ಗಿರಾಕಿಗಳು "ಅಪ್ಪಟ ಆಫ್ರಿಕಾದ್ದು" ಎಂದು ಬೊಟ್ಟುಮಾಡುವ ನೀಲಿ, ಬಿಳಿ, ಕೆಂಪು ಪಟ್ಟೆಯ ಷೆವ್ರಾನ್ ಮಣಿ ಮೂಲತಃ ವೆನಿಸ್ಸಿನದು. ಐರೋಪ್ಯ ಹಡಗುಗಳಲ್ಲಿ ಬಂದು ಚಿನ್ನ, ದಂತ, ಗುಲಾಮರಿಗೆ ವಿನಿಮಯವಾದ ಸರಕು. ನಮ್ಮ ಗುಜರಾತಿನ ಖಂಭಾತದ ಕೆಂಪು ಅಕೀಕು ಕಲ್ಲಿನ ಮಣಿಯೂ ಶತಮಾನಗಳ ಹಿಂದೆಯೇ ಆಫ್ರಿಕಾ ಮುಟ್ಟಿತ್ತು. ಯಾವ ಮಣಿ ಎಲ್ಲಿಯದು ಎಂದು ಸರದ ಜೊತೆಗಿನ ಚೀಟಿಯಲ್ಲಿ ಬರೆದೇ ಕೊಡುತ್ತೇನೆ.

ಅಕ್ರಾ ಪಕ್ಕದ ಬಂದರು ಪಟ್ಟಣ ಟೆಮಾದಲ್ಲಿರುವ ಕನ್ನಡದ ಹುಡುಗಿಯೊಬ್ಬಳು, "ಅಕ್ಕಾ, ನನ್ನ ಕರಿಮಣಿ ಸರವನ್ನು ಪೂರ್ತಿ ಕ್ರೋಬೊ ಮಣಿಯಲ್ಲೇ ಮಾಡಿಕೊಡಿ" ಎಂದು ಹಟ ಹಿಡಿದಳು. "ದಿನವಿಡೀ ಹಾಕಿಕೊಳ್ಳುವುದಲ್ಲವೇ, ಕುತ್ತಿಗೆ ನೋಯುತ್ತದೆ ಕಣಮ್ಮಾ" ಎಂದು ಒಂದು ಹಿಡಿ ಮಣಿಯನ್ನು ಅವಳ ಅಂಗೈಗೆ ಸುರಿದೆ. ತೂಕ ನೋಡಿ ನಕ್ಕಳು. ತಾಳಿಯ ಎರಡೂ ಪಕ್ಕ ಒಂದೊಂದು ಕಪ್ಪು ಕ್ರೋಬೊ ಮಣಿ, ಉಳಿದದ್ದೆಲ್ಲ ಊರಿನ ಸಣ್ಣ ಕರಿಮಣಿ ಎಂದು ಒಪ್ಪಂದವಾಯಿತು. ಈಗ ಅದೇ ಬಗೆಯದನ್ನು ಬೇರೆಯವರೂ ಕೇಳಿ ಮಾಡಿಸಿಕೊಳ್ಳುತ್ತಿದ್ದಾರೆ.