ಫ್ರೀಕ್ಯಾಡ್‌ನಲ್ಲಿ ಪುಟ್ಟ ವಾಬ್ಲರ್ ಎಂಜಿನ್ ಮಾಡೋದು ಹೇಗೆ

ಮೊದಲ್ನೇ ಎಂಜಿನ್ನಿಗೇ ಪೆಟ್ರೋಲ್ ಸಹವಾಸ ಬೇಡ ಮಾರಾಯ್ರೆ, ಗಾಳಿಲಿ ಓಡೋ ವಾಬ್ಲರ್ ಮಾಡಿ, ಇದ್ರಲ್ಲಿ ಬೇರೆ ವಾಲ್ವೇ ಇಲ್ಲ, ಸಿಲಿಂಡರೇ ಆಚೆ ಈಚೆ ತೂಗಿ ತೂತು ತೆರ್ದು ಮುಚ್ತದೆ. ಕಂಪ್ಯೂಟರಲ್ಲಿ 3ಡಿ ಡಿಸೈನ್ ಮಾಡೋ ಫ್ರೀಕ್ಯಾಡ್‌ಗೆ ದುಡ್ಡಿಲ್ಲ, 1.0 ವರ್ಷನ್‌ನಿಂದ ಬಿಡಿಭಾಗ ಜೋಡ್ಸಿ ನೋಡೋ ಅಸೆಂಬ್ಲಿನೂ ಅದ್ರೊಳಗೇ ಬಂದಿದೆ.

ಅಳತೆ ಎಲ್ಲ ಮೊದ್ಲು ಸ್ಪ್ರೆಡ್‌ಶೀಟಲ್ಲಿ ಹಾಕಿ, ಸ್ಕೆಚ್‌ಗೆ ಅಲ್ಲಿಂದ್ಲೇ ಲಿಂಕ್ ಕೊಡಿ. ನಂದು ಬೋರ್ (ಸಿಲಿಂಡರ್ ಒಳಗಿನ ಅಗಲ) 12 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡೋ ದೂರ) 16, ಅಂದ್ರೆ ಕ್ರ್ಯಾಂಕ್ ಪಿನ್ ಶಾಫ್ಟ್ ಸೆಂಟರಿಂದ 8. ತಲೆಬಿಸಿ ಇರೋದು ತೂತಿನ ಜಾಗದ್ದು. ಪಿವಟ್‌ನಿಂದ (ಸಿಲಿಂಡರ್ ತೂಗೋ ಪಿನ್) ಶಾಫ್ಟಿಗೆ 40 ಇಟ್ರೆ ಸಿಲಿಂಡರ್ ಒಂದೊಂದು ಬದಿಗೆ ಸುಮಾರು 11.5 ಡಿಗ್ರಿ ವಾಲ್ತದೆ, ಪಿವಟ್‌ನಿಂದ 20 ದೂರದಲ್ಲಿರೋ ಸಿಲಿಂಡರ್ ತೂತು ಆಗ ನಡುಗೆರೆಯಿಂದ 4 ಮಿ.ಮೀ. ಸರೀತದೆ, ಸಿಲಿಂಡರ್ ಒರಗೋ ಪ್ಲೇಟಲ್ಲಿ ಗಾಳಿ ಬರೋ ತೂತು ಒಂದ್ ಬದಿ ಹೋಗೋದು ಇನ್ನೊಂದ್ ಬದಿ, ಎರಡೂ ಅಲ್ಲೇ ಬರ್ಬೇಕು, ಡ್ರಿಲ್ 3.5. ನಾನು ಮೊದ್ಲು 5 ಹೊಡ್ದು ಕೆಟ್ಟೆ, ಡೆಡ್ ಸೆಂಟರಲ್ಲಿ (ಪಿಸ್ಟನ್ ತುದಿ ಮುಟ್ಟಿ ಸಿಲಿಂಡರ್ ನೆಟ್ಟಗಿರೋವಾಗ) ಎರಡೂ ಒಟ್ಟಿಗೆ ತೆರ್ದು ಗಾಳಿ ಪುಸ್ ಅಂತ ಹೋಯ್ತು.

ಅಸೆಂಬ್ಲಿಲಿ ಕ್ರ್ಯಾಂಕ್ ಒಂದು ಸುತ್ತು ತಿರುಗ್ಸಿ, ಎಲ್ಲೂ ತಾಗದಿದ್ರೆ 2ಡಿ ಡ್ರಾಯಿಂಗ್ ತೆಗ್ದು ಲೇತಿನವ್ರಿಗೆ ಕೊಡಿ, ಶಿರಸಿ ಕಡೆ ಅಡಿಕೆ ಮಷಿನ್ ರಿಪೇರಿ ಮಾಡೋರೂ ಮಾಡಿ ಕೊಡ್ತಾರೆ. ಸಿಲಿಂಡರ್ ಮಾತ್ರ ಹಿತ್ತಾಳೆದೇ ಇರ್ಲಿ, ಕಾರವಾರದ ಉಪ್ಪುಗಾಳಿಗೆ ಕಬ್ಬಿಣ ಒಂದ್ ಮಳೆಗಾಲ ತಡೆಯೂದಿಲ್ಲ.