ಪಕ್ಕದ ಬೇಯ ಗಾಳಿ

ವಿಮಾನ ನಿಲ್ದಾಣದ ಏಪ್ರನ್‌ನಲ್ಲಿ, ಅಂದರೆ ವಿಮಾನಗಳು ನಿಲ್ಲುವ ಅಂಗಳದಲ್ಲಿ, ಸಾಮಾನು ಹೇರುವ ಲೋಡರ್ ಆಗಿ ಸೇರಿದಾಗ ನನಗಿದ್ದ ಹೆದರಿಕೆಯೆಲ್ಲ ಇಂಜಿನ್ನಿನ ಮುಂಭಾಗದ್ದು. ಒಳಗೆ ಎಳೆದುಕೊಂಡುಬಿಡುತ್ತೆ ಅಂತ. 2015ರ ಡಿಸೆಂಬರ್‌ನಲ್ಲಿ ಮುಂಬೈಯಲ್ಲಿ ಒಬ್ಬ ತಂತ್ರಜ್ಞರು ಹಾಗೆಯೇ ತೀರಿಕೊಂಡಿದ್ದರಲ್ಲ. ಹಿಂದಿನಿಂದ ನುಗ್ಗುವ ಗಾಳಿಯ ಬಗ್ಗೆ ತರಬೇತಿಯಲ್ಲಿ ಕೇಳಿದ್ದೆ, ಆದರೆ ಅದು ತಲೆಗೆ ಹತ್ತಿರಲಿಲ್ಲ.

ಹತ್ತಿದ್ದು ಒಂದು ಮಳೆಗಾಲದ ರಾತ್ರಿ. ನಮ್ಮ ವಿಮಾನದ ಇಂಜಿನ್ ನಿಂತಿತ್ತು, ಚಕ್ರಕ್ಕೆ ಅಡ್ಡ ಇಡುವ ಚಾಕ್ ಹಾಕಿ ಆಗಿತ್ತು. ಖಾಲಿ ಟ್ರಾಲಿಗಳ ಹತ್ತಿರ ನಿಂತಿದ್ದೆವು. ಪಕ್ಕದ ಬೇಯಿಂದ (ಒಂದು ವಿಮಾನ ನಿಲ್ಲುವ ಜಾಗ) ಪುಶ್‌ಬ್ಯಾಕ್ ಆದ, ಅಂದರೆ ಹಿಂದಕ್ಕೆ ತಳ್ಳಿಸಿಕೊಂಡು ಹೊರಬಂದ, ವಿಮಾನವೊಂದು ನಮ್ಮ ಕಡೆಗೇ ಬಾಲ ಮಾಡಿಕೊಂಡು ಹೊರಟಿದ್ದು ನನ್ನ ಗಮನಕ್ಕೆ ಬರಲೇ ಇಲ್ಲ. ಕಿವಿಗೆ ಮಫ್ ಇತ್ತು, ಸದ್ದಿನಿಂದ ಏನೂ ಗೊತ್ತಾಗದು. ಮೊದಲು ಸೀಮೆಎಣ್ಣೆ ವಾಸನೆಯ ಬಿಸಿಗಾಳಿ ಮುಖಕ್ಕೆ ಬಡಿಯಿತು. ಆಮೇಲೆ ನೆಲದ ಮೇಲಿನ ಮಳೆನೀರು ನಮ್ಮ ಕಾಲ ಕಡೆಗೆ ಓಡಿ ಬಂತು. ಟ್ರಾಲಿಯ ಪರದೆ ಉಬ್ಬಿತು, ಟ್ರಾಲಿ ತಾನಾಗಿಯೇ ಹೊರಟಿತು.

ಜೊತೆಗಿದ್ದ ಹುಡುಗ ಅದನ್ನು ಹಿಡಿಯಲು ಓಡಿದ. ಹಿರಿಯರೊಬ್ಬರು ಅವನ ಜಾಕೆಟ್ ಹಿಡಿದೆಳೆದು ನೆಲಕ್ಕೆ ಕೂರಿಸಿದರು. ಟ್ರಾಲಿ ನಮ್ಮ ಟ್ರ್ಯಾಕ್ಟರ್‌ಗೆ ಬಡಿದು ಮಗುಚಿತು. "ಟ್ರಾಲಿ ಹೋದ್ರೆ ಇನ್ನೊಂದು ತರ್ತಾರೆ ಕಣೋ, ನಿನ್ನನ್ನ ಎಲ್ಲಿಂದ ತರೋದು?" ಅಂದರು. ಅವರ ಕೈ ನಡುಗುತ್ತಿತ್ತು.

ನಮ್ಮ ಟ್ರಾಲಿಗಳಲ್ಲಿ ಎಳೆಯುವ ಸರಳನ್ನು ಮೇಲೆತ್ತಿ ನಿಲ್ಲಿಸಿದರೆ ಬ್ರೇಕ್ ಬೀಳುತ್ತದೆ. ಆ ಟ್ರಾಲಿಯ ಸರಳು ಕೆಳಗೇ ಇತ್ತು. ಅದನ್ನು ಹಾಗೆ ಬಿಟ್ಟವನು ನಾನೇ.

ಅಂದಿನಿಂದ ನಾನು ನಮ್ಮ ವಿಮಾನಕ್ಕಿಂತ ಮೊದಲು ಅಕ್ಕಪಕ್ಕದವನ್ನು ನೋಡುತ್ತೇನೆ. ವಿಮಾನದ ಬೆನ್ನಿನ ಮೇಲೆ, ಹೊಟ್ಟೆಯ ಕೆಳಗೆ ಕೆಂಪು ಬೀಕನ್ ದೀಪ ಮಿನುಗುತ್ತಿದ್ದರೆ ಇಂಜಿನ್ ಓಡುತ್ತಿದೆ ಅಥವಾ ಇನ್ನೇನು ಶುರುವಾಗುತ್ತದೆ ಅಂತ ಅರ್ಥ; ಅದರ ಹಿಂದೆ ಹಾಯುವುದಿಲ್ಲ, ಎಷ್ಟೇ ಅವಸರವಿದ್ದರೂ. ಏ320 ತರಹದ ವಿಮಾನ ಸುಮ್ನೆ ಐಡಲ್‌ನಲ್ಲಿ, ಅಂದರೆ ಇಂಜಿನ್ ಕನಿಷ್ಠ ವೇಗದಲ್ಲಿ ಓಡುತ್ತಿದ್ದರೂ ಹಿಂದೆ ಸುಮಾರು 60 ಮೀಟರ್ ಬಿಡಬೇಕು ಅಂತ ನಮಗೆ ಕಲಿಸಿದ್ದರು. ನಿಂತಲ್ಲಿಂದ ಕದಲುವಾಗ ಪೈಲಟ್ ಇನ್ನೂ ಜಾಸ್ತಿ ಪವರ್ ಕೊಡಬೇಕಾಗುತ್ತದೆ, ಆಗ ಆ ದೂರವೂ ಸಾಲದು. ಇಂಧನ ಉಳಿಸಲು ಒಂದೇ ಇಂಜಿನ್ನಿನಲ್ಲಿ ಹೊರಟರಂತೂ ಪೂರ್ತಿ ಭಾರ ಅದೊಂದರ ಮೇಲೆಯೇ ಅಲ್ವಾ? ತಿರುಗುವಾಗ ಬಾಲದ ಜೊತೆ ಗಾಳಿಯೂ ತಿರುಗುತ್ತದೆ. ಒಂದು ಕ್ಷಣದ ಹಿಂದೆ ಶಾಂತವಾಗಿದ್ದ ಜಾಗಕ್ಕೇ ಬಂದು ಬಡಿಯುತ್ತದೆ.

ಕೋನ್, ಏಣಿ, ಪ್ಲಾಸ್ಟಿಕ್ ಹಾಳೆ, ಸಣ್ಣ ಕಲ್ಲು ಎಲ್ಲವೂ ಹಾರುತ್ತವೆ. ಕಲ್ಲು ಕಣ್ಣಿಗೆ ಬಡಿದರೆ ಗತಿಯೇನು? ಕಣ್ಣಿನ ರಕ್ಷಣೆಯ ಕನ್ನಡಕ ಹಾಕದೆ ಬಂದವರನ್ನು ನಾನು ವಾಪಸ್ ಕಳಿಸುತ್ತೇನೆ. ಬೇಜಾರಾದರೂ ಪರವಾಗಿಲ್ಲ.

ಹೊಸಬರು ಬಂದರೆ ಮಳೆ ಬಿದ್ದ ದಿನ ಕಾಯುತ್ತೇನೆ. ದೂರದಲ್ಲಿ ನಿಲ್ಲಿಸಿ, ಹೊರಡುವ ವಿಮಾನದ ಹಿಂದೆ ನೀರು ಎಲ್ಲಿಯವರೆಗೆ ಏಳುತ್ತದೆ ನೋಡಿ ಹೇಳಿ ಅನ್ನುತ್ತೇನೆ. ಮೊನ್ನೆ ಒಬ್ಬ ಹುಡುಗ ನೋಡುತ್ತಾ ನಿಂತವನು ಮೆಲ್ಲಗೆ, "ಅಣ್ಣಾ, ಅದು ಎರಡು ಬೇ ದಾಟಿ ಹೋಯ್ತು" ಅಂದ.